ಕಟ್ಟಡ ಕೆಲಸದ ಆಳು, ಕರಾರು, ಬಾಕಿ: ಬಾಗಲಕೋಟೆ–ವಿಜಯಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ನವನಗರದ ಸಣ್ಣ ಗುತ್ತಿಗೆದಾರ. ಅದಕ್ಕೂ ಮೊದಲು ವಿಜಯಪುರದಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಒಂದಷ್ಟು ಭಾಗ ಮುಳುಗಿದ ಮೇಲೆ ಎದ್ದ ಊರು ನಮ್ಮದು. ಹಾಗಾಗಿ ಇಲ್ಲಿ ಮನೆಗೊಬ್ಬ ಕಟ್ಟಿಸಿದವ, ಇಲ್ಲವೇ ಕಟ್ಟಿದವ ಸಿಗುತ್ತಾನೆ. ನನಗೆ ಫೋನ್ ಬರುವುದು ಹೆಚ್ಚಾಗಿ ಶನಿವಾರ ರಾತ್ರಿ. ಯಾಕೆ ಅಂತ ಮೊದಲ ಉತ್ತರ ಓದಿದರೆ ಗೊತ್ತಾಗುತ್ತದೆ.

ಬೇರೆಯವರಿಗಿಂತ 50 ರೂಪಾಯಿ ಜಾಸ್ತಿ ಪಗಾರ ಕೊಡುತ್ತೇನೆ. ಆದರೂ ಆಳುಗಳು ನಿಲ್ಲುವುದಿಲ್ಲ. ಯಾಕೆ?

ಕೊಡುತ್ತೀರಿ ಸರಿ, ಯಾವಾಗ ಕೊಡುತ್ತೀರಿ?

ನನ್ನದೇ ಕಥೆ ಹೇಳುತ್ತೇನೆ. ವಿಜಯಪುರದಲ್ಲಿ ಒಂದು ಮೂರಂತಸ್ತಿನ ಕಟ್ಟಡ. ಮಾಲೀಕರ ಬಿಲ್ ಬರಲಿಲ್ಲ ಅಂತ ಒಂದು ಶನಿವಾರ ಬಟವಾಡೆಯನ್ನು ಸೋಮವಾರಕ್ಕೆ ತಳ್ಳಿದೆ. ಯಾರೂ ಜಗಳ ಮಾಡಲಿಲ್ಲ. ತಾಂಡಾದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಮಾತ್ರ ಬುಟ್ಟಿ ಕೆಳಗಿಟ್ಟು ಕೇಳಿದಳು: "ಸಾಹೇಬ್ರ, ನಾಳೆ ಸಂತಿ ಹೆಂಗ ಮಾಡೂದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮವಾರ ಹನ್ನೊಂದು ಗಂಟೆಗೆ ರೊಕ್ಕ ತಗೊಂಡು ಹೋದರೆ ಹದಿನೆಂಟು ಜನರಲ್ಲಿ ಏಳು ಜನ ಇದ್ದರು. ಉಳಿದವರು ಬೆಳಿಗ್ಗೆಯೇ ಬೇರೆ ಸೈಟ್ ಹಿಡಿದಿದ್ದರು. ಅಲ್ಲಿ ಕೂಲಿ ನನಗಿಂತ ಕಡಿಮೆ ಇತ್ತು.

ಆಳಿನ ಲೆಕ್ಕ ತಿಂಗಳದ್ದಲ್ಲ, ವಾರದ್ದು. ಕಿರಾಣಿ ಅಂಗಡಿಯ ಉದ್ರಿ, ಮಹಿಳಾ ಸಂಘದ ಕಂತು, ಮಗನ ಬಸ್ ಪಾಸು, ಎಲ್ಲಾ ಶನಿವಾರದ ಮೇಲೆ ನಿಂತಿರುತ್ತವೆ. ಹೆಚ್ಚು ಕೊಡುವ ಸಾಹುಕಾರನಿಗಿಂತ ಹೇಳಿದ ದಿನ ಕೊಡುವವನ ಹತ್ತಿರ ಜನ ನಿಲ್ಲುತ್ತಾರೆ. ಆ ವಾರದಿಂದ ನಾನು ಒಂದು ವಾರದ ಬಟವಾಡೆಯ ರೊಕ್ಕವನ್ನು ಬೇರೆ ಖಾತೆಯಲ್ಲಿ ಇಡುತ್ತೇನೆ. ಸಿಮೆಂಟಿಗೂ ಅದನ್ನು ಮುಟ್ಟುವುದಿಲ್ಲ. ಸಿಮೆಂಟ್ ಅಂಗಡಿಯವನು ಎರಡು ವಾರ ಕಾಯುತ್ತಾನೆ.

ಪಗಾರದ ನಂತರ ಬರುವುದು ನೀರು, ನೆರಳು, ಶೌಚಾಲಯ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರೂವರೆಗೆ ಕೆಲಸ ಶುರು ಮಾಡಿ, ಹನ್ನೆರಡರಿಂದ ಮೂರರವರೆಗೆ ಬಿಡಿ. ಆಮೇಲೆ ಆರರವರೆಗೆ ಮಾಡಲಿ. ಕೆಲಸ ಕಡಿಮೆ ಆಗುವುದಿಲ್ಲ, ನಾನು ಇಟ್ಟಿಗೆ ಎಣಿಸಿ ನೋಡಿದ್ದೇನೆ. ತಗಡು ಹೊದಿಸಿದ ಒಂದು ಶೌಚಾಲಯ ಇದ್ದರೆ ಹೆಣ್ಣಾಳುಗಳು ಬಿಟ್ಟು ಹೋಗುವುದು ಅರ್ಧಕ್ಕೆ ಇಳಿಯುತ್ತದೆ. ಇದು ನನ್ನ ಅನುಭವ.

ಪಗಾರ ಇಂಥ ದಿನವೇ ಕೊಡಬೇಕು ಅಂತ ಕಾನೂನಿದೆಯಾ?

ಇದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ದಿನಗೂಲಿಯಾದರೆ ಆ ದಿನದ ಪಾಳಿ ಮುಗಿಯುವಾಗ ಕೊಡಬೇಕು. ವಾರದ ಲೆಕ್ಕವಾದರೆ ವಾರದ ಕೊನೆಯ ಕೆಲಸದ ದಿನ, ಅಂದರೆ ರಜೆಗೆ ಮುಂಚೆ. ತಿಂಗಳ ಪಗಾರವಾದರೆ ಮುಂದಿನ ತಿಂಗಳ ಏಳು ದಿನದೊಳಗೆ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು. ಸ್ಲ್ಯಾಬ್ ಹಾಕುವ ದಿನ ರಾತ್ರಿ ಒಂಬತ್ತರವರೆಗೆ ನಿಲ್ಲಿಸಿಕೊಂಡು "ಚಹಾ–ಮಿರ್ಚಿ ಕೊಟ್ಟೀನಲ್ಲ" ಅನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ.

ಹಬ್ಬ, ಜಾತ್ರೆ ಅಂತ ಹೋದವರು ವಾರಗಟ್ಟಲೆ ಬರುವುದಿಲ್ಲ. ಏನು ಮಾಡುವುದು?

ಕ್ಯಾಲೆಂಡರ್ ನೋಡಿ ಕೆಲಸ ಹಾಕಿಕೊಳ್ಳಿ, ಅಷ್ಟೇ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಯಾರ ಅಪ್ಪನೂ ತಡೆಯಲಾರ. ಅಮಾವಾಸ್ಯೆಗೆ ಬಹಳ ಗೌಂಡಿಗಳು (ಗೋಡೆ ಕಟ್ಟುವ ಮೇಸ್ತ್ರಿಗಳು) ಕರಣಿ ಮುಟ್ಟುವುದಿಲ್ಲ. ಮುಂಗಾರು ಬಿದ್ದ ಕೂಡಲೇ ಬಿತ್ತನೆಗೆ ಹೋಗುತ್ತಾರೆ. ದೀಪಾವಳಿ ಹಿಂದುಮುಂದು ಕಬ್ಬಿನ ಕಾರ್ಖಾನೆ ಶುರುವಾದರೆ ತಾಂಡಾಗಳು ಖಾಲಿ.

ಇದೆಲ್ಲಾ ಪ್ರತಿ ವರ್ಷ ಬರುವುದೇ ಅಲ್ವಾ? ಆದರೂ ಪ್ರತಿ ವರ್ಷ ಗುತ್ತಿಗೆದಾರರು "ಆಳು ಕೈಕೊಟ್ಟರು" ಅನ್ನುತ್ತಾರೆ. ಪಂಚಮಿ ವಾರದಲ್ಲಿ ಸ್ಲ್ಯಾಬ್ ಇಟ್ಟುಕೊಂಡವನು ತನ್ನ ಕೈ ತಾನೇ ಕೊಟ್ಟುಕೊಂಡಿದ್ದಾನೆ.

ಆಳುಗಳ ಗ್ಯಾಂಗ್ ಕರೆತರುವ ಮುಕಾದಮ್ 60 ಸಾವಿರ ಮುಂಗಡ ತಗೊಂಡ. ಹದಿನೈದು ದಿನ ಕೆಲಸ ಮಾಡಿ ಗ್ಯಾಂಗ್ ಸಮೇತ ಗೋವಾಕ್ಕೆ ಹೋದ. ಉಳಿದ ಆಳುಗಳನ್ನು ಹಿಡಿದಿಟ್ಟುಕೊಳ್ಳಬಹುದಾ?

ಖಂಡಿತ ಇಲ್ಲ. ಆಧಾರ್ ಕಾರ್ಡ್ ಕಸಿದುಕೊಳ್ಳುವುದು, ಸಾಮಾನು ಶೆಡ್ಡಿನಲ್ಲಿ ಬೀಗ ಹಾಕುವುದು, "ಸಾಲ ತೀರೋತನಕ ಹೋಗಂಗಿಲ್ಲ" ಅನ್ನುವುದು, ಇದೆಲ್ಲಾ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಬಾಗಿಲು ತಟ್ಟಿದ ಹಾಗೆ. ರೊಕ್ಕ ಕಳೆದುಕೊಂಡ ನೀವೇ ಆರೋಪಿ ಆಗುತ್ತೀರಿ.

ಮುಂಗಡ ಕೊಡುವುದಾದರೆ ಸಣ್ಣದಾಗಿ ಕೊಡಿ, ಮುಕಾದಮನ ಸಹಿ ತಗೊಳ್ಳಿ, ಬ್ಯಾಂಕ್ ಅಥವಾ ಫೋನ್‌ಪೇ ಮೂಲಕ ಕೊಡಿ. ಪಗಾರದಲ್ಲಿ ಹಿಡಿಯುವಾಗಲೂ ಮಿತಿ ಇದೆ. ಎಲ್ಲಾ ಕಡಿತ ಸೇರಿ ಪಗಾರದ ಅರ್ಧ ದಾಟುವಂತಿಲ್ಲ. ನಾನು ಗ್ಯಾಂಗಿನ ಎರಡು ವಾರದ ದುಡಿಮೆಗಿಂತ ಜಾಸ್ತಿ ಮುಂಗಡ ಕೊಡುವುದಿಲ್ಲ. ಇನ್ನೊಂದು ಮಾತು: ಮುಕಾದಮನ ಕೈಗೆ ಎಲ್ಲರ ಪಗಾರ ಕೊಟ್ಟು ಸುಮ್ನೆ ಕೂರಬೇಡಿ. ಅವನು ಎಷ್ಟು ಇಟ್ಟುಕೊಂಡ ಅಂತ ನಿಮಗೆ ಗೊತ್ತಾಗುವುದಿಲ್ಲ. ಆಳಿನ ಸಿಟ್ಟು ಮಾತ್ರ ನಿಮ್ಮ ಮೇಲೇ ಬರುತ್ತದೆ.

ದಿನಗೂಲಿ ಒಳ್ಳೆಯದಾ, ಗುತ್ತಿಗೆ ಕೊಡುವುದು ಒಳ್ಳೆಯದಾ?

ಅಳೆಯಲು ಬರುವ ಕೆಲಸ, ಆಮೇಲೆ ಕಣ್ಣಿಗೆ ಕಾಣುವ ಕೆಲಸ ಗುತ್ತಿಗೆಗೆ ಸರಿ. ಇಟ್ಟಿಗೆ ಗೋಡೆ, ಗಿಲಾವು (ಪ್ಲಾಸ್ಟರಿಂಗ್), ಫರಸಿ (ನೆಲಹಾಸು), ಬಣ್ಣ. ಮುಚ್ಚಿಹೋಗುವ ಕೆಲಸ, ಅಂದರೆ ಪಾಯ, ಕಬ್ಬಿಣ ಕಟ್ಟುವುದು, ಶೌಚಾಲಯದ ವಾಟರ್‌ಪ್ರೂಫಿಂಗ್, ಇವನ್ನು ದಿನಗೂಲಿಯಲ್ಲೇ ಮಾಡಿಸುತ್ತೇನೆ. ಗುತ್ತಿಗೆ ಕೊಟ್ಟರೆ ಕೈ ಓಡುತ್ತದೆ, ಕಣ್ಣು ಓಡುವುದಿಲ್ಲ.

ನೀರು ಹೊಡೆಯುವುದನ್ನಂತೂ ಯಾರಿಗೂ ಗುತ್ತಿಗೆ ಕೊಡಬೇಡಿ. ಅದಕ್ಕೇ ಅಂತ ಒಬ್ಬ ಆಳನ್ನು ಇಡಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾದಾ ಸಿಮೆಂಟಿಗೆ ಕಡಿಮೆ ಅಂದರೆ 7 ದಿನ ಕ್ಯೂರಿಂಗ್ (ನೀರು ಹೊಡೆದು ಹಸಿ ಇಡುವುದು). ನಮ್ಮಂಥ ಒಣ ಬಿಸಿಲಿಗೆ 10 ದಿನ. ಹಾರುಬೂದಿ ಸೇರಿದ ಸಿಮೆಂಟಾದರೆ ಈ ಬಿಸಿಲಿಗೆ 14 ದಿನ.

ಗಿಲಾವಿನ ಅಳತೆಯಲ್ಲಿ ಪ್ರತಿ ಸಲ ಜಗಳ. ಕಿಟಕಿ–ಬಾಗಿಲು ಕಳೆಯಬೇಕಾ ಬೇಡವಾ?

ಇದು ನನ್ನ ಇಷ್ಟದ ಪ್ರಶ್ನೆ. ನಾನು ನೋಡಿದ ಜಗಳಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿವೆ.

ಮಾಲೀಕ ಹೇಳುತ್ತಾನೆ: "ಕಿಟಕಿ ಇರುವ ಕಡೆ ಗೋಡೆಯೇ ಇಲ್ಲ, ಗಿಲಾವು ಎಲ್ಲಿಂದ ಬಂತು?" ಗೌಂಡಿ ಹೇಳುತ್ತಾನೆ: "ಕಿಟಕಿಯ ಒಳಗಿನ ದಂಡೆ ಮಾಡೋಕೆ ಗೋಡೆಗಿಂತ ಜಾಸ್ತಿ ಹೊತ್ತು ಹಿಡಿತೈತ್ರಿ." ಇಬ್ಬರದ್ದೂ ನಿಜ. ಅದಕ್ಕೇ ಅಳತೆಯ ಐಎಸ್ 1200 ನಡುವಿನ ದಾರಿ ಹಿಡಿದಿದೆ. ತೆರವು ಅರ್ಧ ಚದರ ಮೀಟರಿಗಿಂತ ಚಿಕ್ಕದಾದರೆ ಏನನ್ನೂ ಕಳೆಯುವ ಹಾಗಿಲ್ಲ. ದಂಡೆಗೆ ಬೇರೆ ಕೊಡುವ ಹಾಗೂ ಇಲ್ಲ. ಅರ್ಧದಿಂದ 3 ಚದರ ಮೀಟರ್ ಒಳಗಿದ್ದು, ಎರಡೂ ಬದಿಗೆ ಒಂದೇ ಗಿಲಾವು ಇದ್ದರೆ ಒಂದು ಬದಿಯದನ್ನು ಮಾತ್ರ ಕಳೆಯಿರಿ. ಇನ್ನೊಂದು ಬದಿಯನ್ನು ದಂಡೆಯ ಕೂಲಿಗೆ ಬಿಡಿ. 3 ಚದರ ಮೀಟರ್, ಅಂದರೆ ಸುಮಾರು 32 ಚದರ ಅಡಿ ದಾಟಿದರೆ ಎರಡೂ ಬದಿ ಕಳೆದು, ದಂಡೆಯನ್ನು ಅಳೆದು ಸೇರಿಸಿ.

ಲೆಕ್ಕ ಹಾಕಿ ನೋಡೋಣ. ಒಂದು ಮನೆಗೆ 4×4 ಅಡಿಯ ಎಂಟು ಕಿಟಕಿ, 3.5×7 ಅಡಿಯ ಏಳು ಬಾಗಿಲು. ಒಂದು ಬದಿಗೆ 128 ಮತ್ತು 171.5, ಒಟ್ಟು 299.5 ಚದರ ಅಡಿ. ಎರಡೂ ಬದಿ ಕಳೆದರೆ 599. ವ್ಯತ್ಯಾಸ 300 ಚದರ ಅಡಿ. ದರ ಅಡಿಗೆ 25 ರೂಪಾಯಿ ಅಂತ ಇಟ್ಟುಕೊಂಡರೆ ಏಳೂವರೆ ಸಾವಿರ. ಈ ಏಳೂವರೆ ಸಾವಿರಕ್ಕೆ ಆರು ತಿಂಗಳ ಸಂಬಂಧ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಕೆಲಸ ಶುರುವಾಗುವ ಮುಂಚೆ "ಅಳತೆ ಐಎಸ್ 1200 ಪ್ರಕಾರ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬೇರೆ ಪದ್ಧತಿ ಬೇಕಾದರೆ ಅದನ್ನಾದರೂ ಬರೆಯಿರಿ. ಗೌಂಡಿಗೆ ಓದಲು ಬರದಿದ್ದರೆ ಒಂದು ಕಿಟಕಿಯ ಮುಂದೆ ನಿಂತು ಟೇಪು ಹಿಡಿದು ತೋರಿಸಿ.

ಹಾಗೆಯೇ ಉಸುಕು, ಖಡಿ (ಜಲ್ಲಿ) ಅಳೆಯುವ ಬ್ರಾಸ್. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟಿಪ್ಪರ್ ಚಾಲಕ ಹೇಳಿದ್ದಲ್ಲ, ಡಬ್ಬಿ ಅಳೆದಾಗ ಬಂದದ್ದು.

ಸ್ಲ್ಯಾಬಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವನು ಐದನೇ ದಿನಕ್ಕೆ ಪ್ಲೇಟ್ ಬಿಚ್ಚುತ್ತೇನೆ ಅನ್ನುತ್ತಾನೆ. ಬಿಡದಿದ್ದರೆ ಬಾಡಿಗೆ ಕೇಳುತ್ತಾನೆ. ಯಾರದ್ದು ಸರಿ?

ಅವನ ಹೊಟ್ಟೆಪಾಡು ಆ ಪ್ಲೇಟಿನ ಮೇಲಿದೆ, ಮುಂದಿನ ಸೈಟಿನವರು ಕಾಯುತ್ತಿರುತ್ತಾರೆ. ಆದರೆ ಇಲ್ಲಿ ರಾಜಿ ಇಲ್ಲ. ಐಎಸ್ 456ರಂತೆ ಸಾದಾ ಸಿಮೆಂಟಿಗೆ 4.5 ಮೀಟರ್, ಅಂದರೆ ಹೆಚ್ಚುಕಡಿಮೆ ಹದಿನೈದು ಅಡಿಯೊಳಗಿನ ಸ್ಲ್ಯಾಬಿನ ಟೇಕುಗಳು (ಕೆಳಗಿನ ಆಧಾರದ ಕಂಬಗಳು) 7 ದಿನ ಇರಲೇಬೇಕು. ಅದಕ್ಕಿಂತ ದೊಡ್ಡದಕ್ಕೆ 14 ದಿನ. ಆರು ಮೀಟರ್‌ವರೆಗಿನ ಬೀಮಿಗೆ 14, ಮೇಲಿನದಕ್ಕೆ 21. ಈಗ ನಮ್ಮಲ್ಲಿ ಬರುವ ಬಹಳಷ್ಟು ಸಿಮೆಂಟ್ ಹಾರುಬೂದಿ ಸೇರಿಸಿದ್ದು, ಅದು ಗಟ್ಟಿಯಾಗುವುದು ನಿಧಾನ. ಹಾಗಾಗಿ ಇನ್ನೂ ಕೆಲವು ದಿನ ಬಿಡಿ.

ಜಗಳ ತಪ್ಪಿಸುವುದು ಸುಲಭ. ದರ ಮಾತಾಡುವಾಗಲೇ "ಇಷ್ಟು ದಿನ ಪ್ಲೇಟ್ ಇರುತ್ತದೆ, ದರದಲ್ಲಿ ಸೇರಿದೆ, ಆಮೇಲೆ ದಿನಕ್ಕೆ ಇಷ್ಟು" ಅಂತ ಗೊತ್ತು ಮಾಡಿಕೊಳ್ಳಿ. ಬಿಚ್ಚುವ ದಿನಾಂಕವನ್ನು ಕಂಬದ ಮೇಲೆ ಸುಣ್ಣದಲ್ಲಿ ಬರೆಯಿರಿ. ನಾನು ಹಾಗೇ ಮಾಡುತ್ತೇನೆ, ಎಲ್ಲರಿಗೂ ಕಾಣುತ್ತದೆ.

ಹೆಣ್ಣಾಳಿಗೆ ಕಡಿಮೆ ಪಗಾರ ಕೊಡುವುದು ನಮ್ಮ ಕಡೆ ರೂಢಿ. ತಪ್ಪಾ?

ತಪ್ಪು. ಒಂದೇ ಕೆಲಸಕ್ಕೆ ಒಂದೇ ಪಗಾರ ಅಂತ 1976ರಿಂದಲೇ ಕಾನೂನಿತ್ತು. ಈಗ ವೇತನ ಸಂಹಿತೆಯಲ್ಲೂ ಅದೇ ಇದೆ. "ಅವರು ಭಾರ ಎತ್ತೋದಿಲ್ಲ" ಅನ್ನುವ ವಾದ ಇದೆಯಲ್ಲ, ಒಂದು ದಿನ ಸ್ಲ್ಯಾಬಿನ ಹೊತ್ತಿಗೆ ಬಂದು ಯಾರು ಎಷ್ಟು ಬುಟ್ಟಿ ದಾಟಿಸಿದರು ಅಂತ ಎಣಿಸಿ. ನನ್ನ ಸೈಟಿನಲ್ಲಿ ಮಸಾಲೆ (ಕಲಸಿದ ಸಿಮೆಂಟ್–ಉಸುಕು) ಹೊರುವವರಿಗೆ, ಗಂಡಾಗಲಿ ಹೆಣ್ಣಾಗಲಿ, ಒಂದೇ ದರ. ಶುರುವಿನಲ್ಲಿ ಬೇರೆ ಗುತ್ತಿಗೆದಾರರು "ರೇಟು ಕೆಡಿಸಬ್ಯಾಡ್ರಿ" ಅಂದರು. ಆಳು ಸಿಗದ ಜೂನ್ ತಿಂಗಳಲ್ಲೂ ನನ್ನ ಹತ್ತಿರ ಆರು ಜನ ಹೆಣ್ಣುಮಕ್ಕಳು ಇದ್ದರು.

ಬಿಹಾರ, ಜಾರ್ಖಂಡ್ ಹುಡುಗರಿಗೂ ನಮ್ಮವರಿಗೂ ಹೊಂದಾಣಿಕೆ ಆಗುವುದಿಲ್ಲ.

ಭಾಷೆಗಿಂತ ದರದ ತಕರಾರೇ ಜಾಸ್ತಿ ಇರುತ್ತದೆ. ದರ ಎಲ್ಲರೆದುರಿಗೆ ಹೇಳಿ. ಅಡಿಗೆಗೆ, ಮಲಗಲು ಬೇರೆ ಜಾಗ ಕೊಡಿ. ವಿಜಯಪುರದ ಎಷ್ಟೋ ಮನೆಗಳ ಗಂಡಸರು ಗೋವಾ, ಪುಣೆ, ಮುಂಬೈಗಳಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಅಲ್ಲಿ ನಮ್ಮವರೂ ಹೊರಗಿನವರೇ.

ಬಾಯಿಮಾತಿನ ಕರಾರು ಕೋರ್ಟಿನಲ್ಲಿ ನಡೆಯುತ್ತದೆಯಾ?

ನಡೆಯುತ್ತದೆ. 1872ರ ಕರಾರು ಕಾಯ್ದೆ ಎಲ್ಲಾ ಕರಾರೂ ಬರವಣಿಗೆಯಲ್ಲೇ ಇರಬೇಕು ಅನ್ನುವುದಿಲ್ಲ. ಆದರೆ ಸಾಬೀತು ಮಾಡಬೇಕಾದವರು ನೀವು. ಸಾಕ್ಷಿಗೆ ಕರೆದ ಗೌಂಡಿ ಆ ಹೊತ್ತಿಗೆ ಪುಣೆಯಲ್ಲಿರುತ್ತಾನೆ.

ಬಾಂಡ್ ಪೇಪರ್ ಇದ್ದರೆ ಒಳ್ಳೆಯದು. ಆದರೆ ಬಾಂಡ್ ಮೇಲೆ "ಮನೆ ಕಟ್ಟಿಕೊಡುವುದು, ಚದರ ಅಡಿಗೆ ಇಷ್ಟು" ಅಂತ ಒಂದೇ ಸಾಲು ಬರೆದರೆ ಅದು ಬಾಯಿಮಾತಿಗಿಂತ ಹೆಚ್ಚೇನೂ ಅಲ್ಲ. ಚದರ ಅಡಿ ಯಾವುದರದ್ದು? ಸ್ಲ್ಯಾಬಿನದ್ದಾ, ಗೋಡೆಯೊಳಗಿನದ್ದಾ? ಬಾಲ್ಕನಿ ಪೂರ್ತಿಯಾ ಅರ್ಧವಾ? ನೀರಿನ ಟಾಕಿ, ಕಂಪೌಂಡ್, ಮೆಟ್ಟಿಲಿನ ಮೇಲಿನ ಕೋಣೆ ಸೇರಿದೆಯಾ? ನೀರು, ಕರೆಂಟು ಯಾರದ್ದು? ಕಬ್ಬಿಣದ ದರ ಏರಿದರೆ ಯಾರ ಮೈಮೇಲೆ? ಜಿಎಸ್‌ಟಿ ಒಳಗೋ ಹೊರಗೋ? ಒಂದೇ ಕುಟುಂಬದ ಬಿಡಿ ಮನೆಗೆ ಬರೀ ಕೂಲಿ ಕೆಲಸ ಮಾಡಿಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಆದರೆ ಇಲ್ಲ. ಯಾವ ಕೆಲಸ ಮುಗಿದಾಗ ಎಷ್ಟು ಕಂತು ಅನ್ನುವುದನ್ನು ಮರೆಯಲೇಬೇಡಿ. ಕಂತುಗಳು ಕೆಲಸಕ್ಕಿಂತ ಮುಂದಿದ್ದರೆ ಗುತ್ತಿಗೆದಾರ ಓಡುತ್ತಾನೆ, ಹಿಂದಿದ್ದರೆ ಆಳುಗಳು ಓಡುತ್ತಾರೆ.

ಮಾಲೀಕರು ಬಾಯಲ್ಲಿ ಹೇಳಿ ಹೆಚ್ಚುವರಿ ಕೆಲಸ ಮಾಡಿಸಿಕೊಂಡರು. ಈಗ "ನಾನು ಹೇಳೇ ಇಲ್ಲ" ಅನ್ನುತ್ತಾರೆ.

ನನಗೂ ಆಗಿದೆ. ವಿಜಯಪುರದ ಹತ್ತಿರ ಒಂದು ಮನೆ, ಪೂರ್ತಿ ಎರೆ ಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ನಕ್ಷೆಯಲ್ಲಿ ಪಾಯ ಐದು ಅಡಿ. ಅಗೆದರೆ ಐದಕ್ಕೂ ಕರಿಮಣ್ಣು, ಏಳಕ್ಕೂ ಕರಿಮಣ್ಣು. ಗಟ್ಟಿ ನೆಲ ಸಿಕ್ಕಿದ್ದು ಒಂಬತ್ತಡಿಗೆ. ಮಾಲೀಕರು ಗುಂಡಿಯ ದಂಡೆಯಲ್ಲಿ ನಿಂತು "ನೀವು ಮಾಡ್ರಿ, ರೊಕ್ಕಕ್ಕ ಹೆದರಬ್ಯಾಡ್ರಿ" ಅಂದರು. ನಾನು ಹೆದರಲಿಲ್ಲ. ಹೆದರಬೇಕಿತ್ತು. ಕೊನೆಯ ಬಿಲ್ಲಿನಲ್ಲಿ ಆ ನಾಲ್ಕಡಿಗೆ ಅವರು ಕೊಟ್ಟಿದ್ದು ಸೊನ್ನೆ. ಗುಂಡಿ ಮುಚ್ಚಿಯಾಗಿತ್ತು, ಫೋಟೋ ಇರಲಿಲ್ಲ.

ಕಾನೂನು ನಿಮ್ಮ ಕಡೆ ಸ್ವಲ್ಪ ಇದೆ. ಕರಾರು ಕಾಯ್ದೆಯ 70ನೇ ಕಲಮಿನಂತೆ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದಿದ್ದರೆ ಪರಿಹಾರ ಕೊಡಬೇಕು. ಆದರೆ ಮಾಡಿದ್ದು ಎಷ್ಟು ಅಂತ ತೋರಿಸಬೇಕಲ್ಲ? ಈಗ ನಾನು ಗುಂಡಿಯೊಳಗೆ ಅಳತೆಪಟ್ಟಿ ಇಳಿಸಿ, ಅಂಕಿ ಕಾಣುವ ಹಾಗೆ ಫೋಟೋ ತೆಗೆದು, ಅದೇ ಸಂಜೆ ಮಾಲೀಕರಿಗೆ ವಾಟ್ಸಾಪ್ ಹಾಕುತ್ತೇನೆ: "ಇಂದು ನೀವು ಹೇಳಿದಂತೆ ಪಾಯ 9 ಅಡಿಗೆ ಇಳಿಸಿದ್ದೇವೆ. ಹೆಚ್ಚುವರಿ 4 ಅಡಿಗೆ ಈ ದರ. ಒಪ್ಪಿಗೆ ತಿಳಿಸಿ, ನಾಳೆ ಕಾಂಕ್ರೀಟ್." ಉತ್ತರ ಬರುವ ತನಕ ಕಾಂಕ್ರೀಟ್ ಇಲ್ಲ. ಈ ಸಂದೇಶಗಳನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಾಗಾಗಿ ಹಳೆಯ ಫೋನ್ ಮಾರಬೇಡಿ.

ಕೆಲಸ ತಡವಾಯಿತು ಅಂತ ದಂಡ ಹಿಡಿದಿದ್ದಾರೆ. ತಡಕ್ಕೆ ಅವರೇ ಕಾರಣ.

ಕರಾರಿನಲ್ಲಿ ಬರೆದ ದಂಡ ಅಂದರೆ ಅಷ್ಟೂ ಹಿಡಿಯಬಹುದು ಅಂತಲ್ಲ. 74ನೇ ಕಲಮಿನಂತೆ ಸಿಗುವುದು ನ್ಯಾಯವಾದ ಪರಿಹಾರ. ಬರೆದ ಮೊತ್ತ ಅದರ ಮೇಲಿನ ಮಿತಿ ಮಾತ್ರ. ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲದ ಮಾತು 55ನೇ ಕಲಮಿನಲ್ಲಿದೆ. ಅವಧಿ ಮುಖ್ಯವಾಗಿದ್ದ ಕರಾರಿನಲ್ಲಿ ತಡವಾದ ಕೆಲಸವನ್ನು ಮಾಲೀಕ ಒಪ್ಪಿಕೊಂಡರೆ, ಪರಿಹಾರ ಕೇಳುತ್ತೇನೆ ಅಂತ ಒಪ್ಪಿಕೊಳ್ಳುವಾಗಲೇ ನೋಟಿಸ್ ಕೊಟ್ಟಿರಬೇಕು. ಆಮೇಲೆ ನೆನಪಾದರೆ ಆಗುವುದಿಲ್ಲ.

ತಡಕ್ಕೆ ಅವರೇ ಕಾರಣ ಅನ್ನಲು ಡೈರಿ ಬೇಕು. ನಕ್ಷೆ ಯಾವತ್ತು ಸಿಕ್ಕಿತು, ಕಂತು ಯಾವತ್ತು ಬಂತು, ಮಳೆ ಎಷ್ಟು ದಿನ. ಬೆಳಗಾವಿ, ಖಾನಾಪುರ ಕಡೆ ಜುಲೈ ಪೂರ್ತಿ ಕೆಲಸ ನಿಲ್ಲುವುದು ಹೊಸದೇನಲ್ಲ. ಅಲ್ಲಿ ಟೆಂಡರ್ ಹಾಕುವ ನಮ್ಮ ಬಯಲುಸೀಮೆಯವರು ಅದನ್ನು ಅವಧಿಯಲ್ಲಿ ಲೆಕ್ಕ ಹಿಡಿಯುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ಅವಧಿ ವಿಸ್ತರಣೆಯ ಪತ್ರವನ್ನು ಅವಧಿ ಮುಗಿಯುವ ಮುಂಚೆ ಕೊಡಿ. ಸ್ವೀಕೃತಿ ಸೀಲು ತಗೊಳ್ಳಿ.

ನಮ್ಮಲ್ಲಿ ಕೆಲಸ ಅರ್ಧಕ್ಕೆ ನಿಂತರೆ "ಬಾರಾ ಕಮಾನ್ ಆಯ್ತು" ಅಂತ ಚೇಷ್ಟೆ ಮಾಡುತ್ತೇವೆ. ವಿಜಯಪುರದಲ್ಲಿರುವ ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು, ಅವನು 1672ರಲ್ಲಿ ತೀರಿಕೊಂಡ. ಕಮಾನುಗಳು ಮಾತ್ರ ನಿಂತಿವೆ, ಮೇಲಿನ ಗುಮ್ಮಟ ಬರಲೇ ಇಲ್ಲ. ಅವನ ಗುತ್ತಿಗೆದಾರನಿಗೆ ಕೊನೆಯ ಬಿಲ್ ಸಿಕ್ಕಿತೋ ಇಲ್ಲವೋ ಅಂತ ಆ ಕಡೆ ಹೋದಾಗಲೆಲ್ಲ ಯೋಚನೆ ಬರುತ್ತದೆ.

ಮೇಲಿನ ಗುತ್ತಿಗೆದಾರ ನನಗೆ ಕೊಟ್ಟಿಲ್ಲ. ಆಳುಗಳ ಪಗಾರ ನಿಲ್ಲಿಸಬಹುದಾ?

ಇಲ್ಲ. ನಿಮ್ಮ ಬಿಲ್ ಬೇರೆ, ಅವರ ಕೂಲಿ ಬೇರೆ. ಆದರೆ ಆಳುಗಳಿಗೆ ಇನ್ನೊಂದು ದಾರಿ ಇದೆ. ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯಿಸುವ ಕೆಲಸದಲ್ಲಿ ಕೆಳಗಿನ ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು. ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಕೂಲಿಯ ದೂರನ್ನು ಮೂರು ವರ್ಷದೊಳಗೆ ಕೊಡಬೇಕು. ಬಾಕಿಯ ಜೊತೆ ಹತ್ತು ಪಟ್ಟಿನವರೆಗೆ ಪರಿಹಾರ ಹಾಕುವ ಅಧಿಕಾರವೂ ಇದೆ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ತಾಲೂಕಿನ ಕಾರ್ಮಿಕ ನಿರೀಕ್ಷಕರ ಹತ್ತಿರ ನೇರವಾಗಿಯೂ ಹೋಗಬಹುದು.

ಸರ್ಕಾರಿ ಬಿಲ್ ಕಡಿಮೆ ಬಂದಿದೆ. ಯಾರನ್ನು ಕೇಳಲಿ?

ಮೊದಲು ಕಡಿತ ನೋಡಿ. ಕಾರ್ಮಿಕ ಸೆಸ್ 1%, ಆದಾಯ ತೆರಿಗೆ 1 ಅಥವಾ 2%, ಜಿಎಸ್‌ಟಿ ಟಿಡಿಎಸ್ 2%, ರಾಯಲ್ಟಿ (ಖಡಿ–ಉಸುಕಿಗೆ ಸರ್ಕಾರದ ಶುಲ್ಕ), ಭದ್ರತಾ ಠೇವಣಿ. ಖಡಿ–ಉಸುಕಿನ ಪರ್ಮಿಟ್ ಚೀಟಿ ಇಟ್ಟುಕೊಳ್ಳದೆ ರಾಯಲ್ಟಿ ಕಳೆದುಕೊಂಡವರೇ ಜಾಸ್ತಿ. ಆಮೇಲೆ ಎಂಬಿ, ಅಂದರೆ ಅಳತೆ ಪುಸ್ತಕ ನೋಡಿ. ಅದರಲ್ಲಿ ಏರದ ಕೆಲಸ ಸರ್ಕಾರದ ಪಾಲಿಗೆ ಆಗದ ಕೆಲಸ. ಅಳತೆ ತಗೊಳ್ಳುವಾಗ ನೀವೇ ಟೇಪಿನ ಇನ್ನೊಂದು ತುದಿ ಹಿಡಿಯಿರಿ. ಒಪ್ಪದಿದ್ದರೆ ಸಹಿಯ ಜೊತೆ "ತಕರಾರಿನೊಂದಿಗೆ" ಅಂತ ಬರೆಯಿರಿ. ಟೆಂಡರಿನಲ್ಲಿಲ್ಲದ ಕೆಲಸಕ್ಕೆ ವರ್ಕ್ ಸ್ಲಿಪ್ (ಹೆಚ್ಚುವರಿ ಕೆಲಸದ ಪತ್ರ) ಮಂಜೂರಾಗದೆ ಕೈ ಹಾಕಬೇಡಿ, ಸಾಹೇಬರು ಎಷ್ಟೇ ಒಳ್ಳೆಯವರಿರಲಿ. ಸಾಹೇಬರಿಗೆ ವರ್ಗಾವಣೆ ಆಗುತ್ತದೆ.

ಮಾತುಕತೆ ಮುರಿದುಬಿತ್ತು. ಮುಂದೆ ಎಲ್ಲಿಗೆ?

ಕರಾರಿನಲ್ಲಿ ಪಂಚಾಯ್ತಿ ಷರತ್ತು, ಅಂದರೆ ಆರ್ಬಿಟ್ರೇಷನ್ ಇದೆಯಾ ಅಂತ ನೋಡಿ. ಇದ್ದರೆ ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕು. 2015ರ ತಿದ್ದುಪಡಿಯ ನಂತರ ಮಾಲೀಕರು ತಮ್ಮದೇ ನೌಕರನನ್ನು ಪಂಚನನ್ನಾಗಿ ಕೂರಿಸುವಂತಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಪ್ರಶ್ನಿಸಲು ಮೂರು ತಿಂಗಳು, ಕಾರಣ ತೋರಿಸಿದರೆ ಇನ್ನೂ 30 ದಿನ. ಅದರ ಮೇಲೆ ಒಂದು ದಿನವೂ ಇಲ್ಲ.

ಷರತ್ತಿಲ್ಲದಿದ್ದರೆ ಕೋರ್ಟು. ಕಟ್ಟಡ ಕರಾರಿನ ವ್ಯಾಜ್ಯ 3 ಲಕ್ಷ ಅಥವಾ ಮೇಲಿನದಾದರೆ ವಾಣಿಜ್ಯ ನ್ಯಾಯಾಲಯಕ್ಕೆ ಬರುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಮೇಲ್ಮನವಿಗೆ ಬಾಗಲಕೋಟೆ, ಬೆಳಗಾವಿಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು.

ಸಣ್ಣ ಬಾಕಿಗೆ ನಾನು ಹೇಳುವುದು ಲೋಕ ಅದಾಲತ್. ಅಲ್ಲಿನ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ದಾವೆ ಹಾಕದೆಯೂ ಹೋಗಬಹುದು. ಎರಡು ಲಕ್ಷದ ಬಾಕಿಗೆ ಒಂದು ಲಕ್ಷ ಅರವತ್ತಕ್ಕೆ ಒಪ್ಪಿಕೊಂಡ ದಿನ ನನಗೆ ಹೊಟ್ಟೆ ಉರಿದಿತ್ತು. ಆದರೆ ಆ ರೊಕ್ಕದಲ್ಲಿ ಅದೇ ಶನಿವಾರ ಬಟವಾಡೆ ಆಯಿತು.

ಸಾಮಾನ್ಯವಾಗಿ ಬಾಕಿ ವಸೂಲಿಗೆ ಇರುವ ಗಡುವು ಮೂರು ವರ್ಷ. ಅದು ಮುಗಿಯುವ ಮುಂಚೆ ಅವರು "ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ. "ಹಬ್ಬ ಆಗಲಿ", "ಕಬ್ಬಿನ ಬಿಲ್ ಬರಲಿ" ಅನ್ನುವುದರಲ್ಲೇ ಗಡುವು ಕಳೆದುಹೋಗುತ್ತದೆ.

ಕಾರ್ಮಿಕ ಕಾರ್ಡಿಗೆ ಸಹಿ ಕೇಳುತ್ತಾರೆ. ಹಾಕಿದರೆ ನನಗೆ ತೊಂದರೆಯಾ?

ನಿಮ್ಮ ಹತ್ತಿರ ನಿಜವಾಗಿ ಕೆಲಸ ಮಾಡಿದ್ದರೆ ಖುಷಿಯಿಂದ ಹಾಕಿ. 18ರಿಂದ 60 ವಯಸ್ಸಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಹೆರಿಗೆ, ಮದುವೆ, ಮಕ್ಕಳ ಓದು, ಅಪಘಾತ, ಪಿಂಚಣಿಗೆ ನೆರವು ಸಿಗುತ್ತದೆ. ನಿಮ್ಮ ಬಿಲ್ಲಿನಲ್ಲಿ ಹಿಡಿದ 1% ಸೆಸ್ ಹೋಗುವುದು ಅಲ್ಲಿಗೇ. ಅಂಗಡಿಯವನಿಗೆ, ಅಳಿಯನಿಗೆ ಮಾತ್ರ ಸುಳ್ಳು ಸಹಿ ಹಾಕಬೇಡಿ. ನಕಲಿ ಕಾರ್ಡುಗಳನ್ನು ಇಲಾಖೆ ರದ್ದು ಮಾಡುತ್ತಿದೆ.

ಹಾಜರಿ ಪುಸ್ತಕದಲ್ಲಿ ಏನೇನು ಬರೆಯಬೇಕು?

ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಪುಟಕ್ಕೆ ನಂಬರ್ ಹಾಕಿ, ಹರಿಯಬೇಡಿ, ವೈಟ್ನರ್ ಹಚ್ಚಬೇಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ನನ್ನ ಪುಸ್ತಕದ ಒಂದು ದಿನ ಹೀಗಿರುತ್ತದೆ:

"ಮಂಗಳವಾರ. ಗೌಂಡಿ 3, ಗಂಡಾಳು 4, ಹೆಣ್ಣಾಳು 5. ಹಿಂದಿನ ಗೋಡೆ ಇಟ್ಟಿಗೆ 4 ಅಡಿವರೆಗೆ. ಸಿಮೆಂಟ್ 9 ಚೀಲ, ಉಳಿದದ್ದು 31. ಮಧ್ಯಾಹ್ನ 2ರಿಂದ 3.30 ಕರೆಂಟ್ ಇಲ್ಲ, ನೀರಿಲ್ಲ, ಕೆಲಸ ನಿಂತಿತ್ತು. ಮಾಲೀಕರ ಮನೆಯವರು ಬಂದು ಅಡಿಗೆಮನೆ ಕಿಟಕಿ ಒಂದಡಿ ಅಗಲ ಮಾಡಲು ಹೇಳಿದರು, ಲಿಂಟಲ್ ಬದಲಾಗುತ್ತದೆ, ಹೆಚ್ಚುವರಿ ಖರ್ಚು ತಿಳಿಸಿದೆ, ಉತ್ತರ ಬಾಕಿ. ಮುಕಾದಮ್‌ಗೆ 2,000 ಕೊಟ್ಟಿದ್ದು." ಕೆಳಗೆ ನನ್ನ ಸಹಿ, ಮುಕಾದಮನ ಹೆಬ್ಬೆಟ್ಟು.